ಹಳೆಯ ಖನಿಜ ಮಾದರಿ: ಕಲ್ಲಿಗೂ ಮುಂಚೆ ಚೀಟಿ ನೋಡಿ

ಗಣಿ ಮುಚ್ಚಿತೆಂದರೆ ಅಲ್ಲಿಂದ ಹೊಸ ಹರಳು ಬರುವುದು ನಿಂತಂತೆ. ನಾರ್ವೆಯ ಕಾಂಗ್ಸ್‌ಬರ್ಗ್ ಬೆಳ್ಳಿ ಗಣಿ 1958ರಲ್ಲಿ ನಿಂತಿತು, ನಮೀಬಿಯದ ತ್ಸುಮೆಬ್ 1996ರಲ್ಲಿ, ನಮ್ಮ ಕೆಜಿಎಫ್ 2001ರಲ್ಲಿ. ಇಲ್ಲಿನ ಮಾದರಿಗಳು ಈಗ ಹೆಚ್ಚಾಗಿ ಒಬ್ಬ ಸಂಗ್ರಾಹಕರ ಪೆಟ್ಟಿಗೆಯಿಂದ ಇನ್ನೊಬ್ಬರ ಪೆಟ್ಟಿಗೆಗೇ ಹೋಗುತ್ತವೆ. ಖನಿಜ, ಗಣಿ, ಯಾರಿಂದ ಬಂತು ಎಂಬುದನ್ನು ಬರೆದ, ಜೊತೆಗೆ ಬರುವ ಚೀಟಿಯೇ ಅವುಗಳ ಜಾತಕ. ಅದು ಕಳೆದರೆ ಉಳಿಯುವುದು ಚೆಂದದ ಕಲ್ಲು ಮಾತ್ರ.

ಪೊಟ್ಟಣ ಬಿಚ್ಚುತ್ತಲೇ ಫೋಟೊ ತೆಗೆಯಿರಿ: ಡಬ್ಬಿ, ಕಲ್ಲು, ಚೀಟಿಯ ಎರಡೂ ಮುಖ. ಕಲ್ಲಿನ ಹಿಂಭಾಗದಲ್ಲಿ ಬಣ್ಣದಲ್ಲಿ ಬರೆದ ಸಂಖ್ಯೆ ಇದ್ದರೆ ಚೀಟಿಯ ಸಂಖ್ಯೆಗೆ ಹೋಲಿಸಿ. ಹಳೆಯ ಮನೆ ಖಾಲಿ ಮಾಡುವಾಗ ಡ್ರಾಯರ್ ಮಗುಚಿ ಚೀಟಿಗಳು ಅದಲು ಬದಲಾಗುವುದುಂಟು. ತೂಕವನ್ನು ಗ್ರಾಂನಲ್ಲಿ, ಅಳತೆಯನ್ನು ಮಿಲಿಮೀಟರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಚೀಟಿಯ ಕಾಲ ಗುರುತಿಸಲು ಊರಿನ ಹೆಸರು ಒಳ್ಳೆಯ ಸುಳಿವು. ತ್ಸುಮೆಬ್ ಚೀಟಿಯಲ್ಲಿ ‘ಡಾಯ್ಚ್ ಸ್ಯೂಡ್‌ವೆಸ್ಟ್ ಆಫ್ರಿಕಾ’ (ಜರ್ಮನ್ ನೈಋತ್ಯ ಆಫ್ರಿಕಾ, ಇಂದಿನ ನಮೀಬಿಯ) ಎಂದಿದ್ದರೆ ಅದು 1915ರಲ್ಲಿ ಜರ್ಮನ್ ಆಡಳಿತ ಮುಗಿಯುವ ಮುಂಚಿನದಿರಬಹುದು. ಕೋಲಾರದ ಚಿನ್ನದ ಅದಿರಿನ ಚೀಟಿಯಲ್ಲಿ ರಾಜ್ಯದ ಹೆಸರು ಕರ್ನಾಟಕ ಎಂದಿದ್ದರೆ ಅದು 1973ರ ನಂತರದ್ದು. ಇದನ್ನು ತಿರುವಿಹಾಕಿ ಓದಬೇಡಿ: ರೂಢಿಯಿಂದ 1980ರಲ್ಲೂ ‘ಮೈಸೂರು’ ಎಂದು ಬರೆದವರಿದ್ದಾರು. ಖನಿಜದ ಹೆಸರೂ ಸಾಕ್ಷಿ ಹೇಳುತ್ತದೆ. ಪುಣೆಯ ವಾಘೋಲಿಯ ನೀಲಿ ಕ್ಯಾವನ್ಸೈಟ್‌ಗೆ 1967ಕ್ಕಿಂತ ಮುಂಚೆ ಆ ಹೆಸರೇ ಇರಲಿಲ್ಲ. ಆ ಹೆಸರು ಹೊತ್ತ ‘ಶತಮಾನದ ಹಿಂದಿನ’ ಚೀಟಿ ಖಂಡಿತ ನಕಲಿ.

ಹಳೆಯ ಚೀಟಿಯಲ್ಲಿ ‘ಅರ್ಜೆಂಟೈಟ್’ (ಬೆಳ್ಳಿ, ಗಂಧಕ ಸೇರಿದ ಖನಿಜದ ಒಂದು ರೂಪ) ಎಂದು ಕಂಡರೆ ತಿದ್ದಲು ಹೋಗಬೇಡಿ. ಆ ರೂಪ ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಷ್ಟೇ ಸ್ಥಿರ. ತಣಿದಾಗ ಹರಳಿನ ಹೊರ ಆಕಾರ ಹಾಗೇ ಉಳಿದು ಒಳಗೆ ಅದೇ ವಸ್ತುವಿನ ಇನ್ನೊಂದು ರೂಪ ಅಕ್ಯಾಂಥೈಟ್ ಆಗುತ್ತದೆ. ಹೊಸ ಹೆಸರನ್ನು ನಿಮ್ಮ ಚೀಟಿಯಲ್ಲಿ ಬರೆದುಕೊಳ್ಳಿ.

ಮುಂದಿನ ಕೆಲಸ, ಮುರಿದ ಹರಳನ್ನು ಅಂಟಿಸಿದ್ದಾರೆಯೇ ಎಂದು ಅಂಟು ಹುಡುಕುವುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಹರಳಿನ ಬುಡ ನೋಡಿ, ಆಮೇಲೆ ಕತ್ತಲಲ್ಲಿ ಅತಿನೇರಳೆ ಟಾರ್ಚ್ ಹಾಯಿಸಿ. ಎಪಾಕ್ಸಿ ಅಂಟು ಸಾಮಾನ್ಯವಾಗಿ ನೀಲಿ ಬಿಳುಪಾಗಿ ಹೊಳೆಯುತ್ತದೆ. ಕ್ಯಾಲ್ಸೈಟ್, ಫ್ಲೋರೈಟ್ ತಾವೇ ಹೊಳೆಯುವುದರಿಂದ ಹೊಳಪಿಗಿಂತ ಸಪೂರ ಗೆರೆಯನ್ನು ಹುಡುಕಿ. ಹೇಳಿ ಮಾರಿದ ದುರಸ್ತಿ ಮೋಸವಲ್ಲ, ಬೆಲೆ ತಗ್ಗಬೇಕು ಅಷ್ಟೆ. ತಂತಿಯಂತೆ ಸುರುಳಿಯಾಗಿ ಬೆಳೆದ ಬೆಳ್ಳಿಯ ವಿಷಯದಲ್ಲಿ ಮಾತ್ರ ಇನ್ನಷ್ಟು ಅನುಮಾನವಿರಲಿ: ಅಕ್ಯಾಂಥೈಟ್ ಕಾಯಿಸಿದರೆ ಅಂಥ ತಂತಿ ಹೊರಚಿಮ್ಮುತ್ತದೆ. ಬುಡ ಸುಟ್ಟು ಸ್ಪಂಜಿನಂತಾಗಿದ್ದರೆ ಬಿಟ್ಟುಬಿಡಿ.

ತೊಳೆಯುವ ಆಸೆಯೇ ಬೇಡ. ಮೆತ್ತನೆಯ ಬ್ರಷ್, ಕ್ಯಾಮೆರಾ ಲೆನ್ಸಿಗೆ ಬಳಸುವ ಗಾಳಿ ಬುರುಡೆ ಸಾಕು. ನೀರಿನಲ್ಲಿ ಹ್ಯಾಲೈಟ್ (ಕಲ್ಲುಪ್ಪು) ಕರಗುತ್ತದೆ. ಆಮ್ಲದಲ್ಲಿ ಕ್ಯಾಲ್ಸೈಟ್ ನೊರೆಯೇಳುತ್ತದೆ. ಬೆಳ್ಳಿ ಪಾಲಿಶ್ ದ್ರಾವಣ ಶತಮಾನದ ಕಪ್ಪನ್ನು ನಿಮಿಷದಲ್ಲಿ ತೆಗೆದುಹಾಕುತ್ತದೆ. ಆ ಕಪ್ಪೂ ಬೆಲೆಯ ಭಾಗವೇ.

ನಿಮ್ಮ ಸಂಖ್ಯೆ ಹಾಕಲು ಕಾಣದ ಜಾಗದಲ್ಲಿ ಐದು ಮಿಲಿಮೀಟರ್ ಚುಕ್ಕೆ ಸಾಕು. ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ಒಂದು ಲೇಪ, ಒಣಗಿದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಸಂಖ್ಯೆ, ಅದು ಒಣಗಿದ ಮೇಲೆ ಮತ್ತೊಂದು ತೆಳು ಲೇಪ. ಬೇಡವಾದಾಗ ಅಸಿಟೋನ್‌ನಲ್ಲೇ ಬಿಡಿಸಬಹುದು. ಸೂಪರ್‌ಗ್ಲೂ, ನೇಲ್‌ಪಾಲಿಶ್ ಮುಟ್ಟಬೇಡಿ.

ಇಡುವ ಕ್ರಮ ಒಂದೇ ಇಲ್ಲ. ರಿಯಾಲ್ಗರ್ ಬೆಳಕಿಗೆ ಹಳದಿ ಪುಡಿಯಾಗುತ್ತದೆ, ಪ್ರೌಸ್ಟೈಟ್ ಕಪ್ಪಾಗುತ್ತದೆ. ಎರಡಕ್ಕೂ ಕತ್ತಲ ಡ್ರಾಯರ್. ಕಬ್ಬಿಣ, ಗಂಧಕ ಸೇರಿದ ಪೈರೈಟ್, ಮಾರ್ಕಸೈಟ್‌ಗಳಿಗೆ ತೇವಾಂಶ 50 ಶೇಕಡದೊಳಗಿರಲಿ, ಅಂದರೆ ಮಂಗಳೂರಿನ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್. ಗಂಧಕದ ವಾಸನೆ, ತಿಳಿ ಪುಡಿ ಕಂಡರೆ ತಕ್ಷಣ ಬೇರೆ ಮಾಡಿ. ಅಲ್ಲಿ ಹುಟ್ಟುವ ಗಂಧಕಾಮ್ಲ ಡಬ್ಬಿಯನ್ನೂ ಚೀಟಿಯನ್ನೂ ತಿನ್ನುತ್ತದೆ. ಬೋರಾಕ್ಸ್‌ಗೆ ಇದೇ ಸಿಲಿಕಾ ಜೆಲ್ ಶತ್ರು. ನೀರು ಕಳೆದುಕೊಂಡು ಬಿಳಿ ಪುಡಿಯಾಗುತ್ತದೆ.

ಚೀಟಿಯನ್ನು ಕಲ್ಲಿನ ಕೆಳಗೆ ಇಡಬೇಡಿ, ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಚೀಲದಲ್ಲಿಟ್ಟು ಜೊತೆಗಿರಿಸಿ. ನಿಮ್ಮ ಚೀಟಿ ಹಳೆಯದರ ಜಾಗಕ್ಕಲ್ಲ, ಅದರ ಪಕ್ಕಕ್ಕೆ. ಆಮ್ಲರಹಿತ ಕಾಗದದ ಮೇಲೆ ಖನಿಜ, ಗಣಿ, ಯಾರಿಂದ ಬಂತು, ಯಾವ ತಾರೀಕು, ಎಷ್ಟು ಕೊಟ್ಟಿರಿ, ಇಷ್ಟನ್ನು ಪೆನ್ಸಿಲಿನಲ್ಲಿ ಬರೆಯಿರಿ.