ಕುಯ್ಲಿನ ಕಾಲದಲ್ಲಿ ಮೊದಲು ಮೈ, ಆಮೇಲೆ ಚಿಂತೆ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ ಬರೆಯುವುದು, ಕುಯ್ದ ಹಣ್ಣು ತೂಕ ಹಾಕುವುದು, ಕಣದಲ್ಲಿ ಒಣಗಲು ಹಾಕಿದ್ದನ್ನು ನೋಡಿಕೊಳ್ಳುವುದು, ವಾರಕ್ಕೊಮ್ಮೆ ಬಟವಾಡೆ. ಅರೇಬಿಕಾ, ರೋಬಸ್ಟಾ ಅಂತ ಕಾಫಿಯಲ್ಲಿ ಎರಡು ಜಾತಿ. ನವೆಂಬರ್ ಕೊನೆಯ ಹೊತ್ತಿಗೆ ಅರೇಬಿಕಾ ಕುಯ್ಲು ಶುರುವಾದರೆ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಬರುತ್ತದೆ, ರೋಬಸ್ಟಾ ಮುಗಿಯುವಷ್ಟರಲ್ಲಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬರುತ್ತೋ ಇಲ್ವೋ, ಸ್ಪ್ರಿಂಕ್ಲರ್ ಹಾಕಬೇಕಾ ಅನ್ನುವ ಲೆಕ್ಕ. ಹಣ್ಣು ಗಿಡದಲ್ಲೇ ಬಿಟ್ಟರೆ ಉದುರುತ್ತದೆ. ಕುಯ್ದು ಕಣಕ್ಕೆ ಹಾಕಿದರೆ ಮೋಡ ಕಟ್ಟುತ್ತದೆ. ಬರುತ್ತೇವೆ ಎಂದ ಗುಂಪು ಬೇರೆ ತೋಟಕ್ಕೆ ಹೋಗಿರುತ್ತದೆ. ಆನೆ ಬಂದಿದೆ ಅಂತ ರಾತ್ರಿ ವಾಟ್ಸಾಪ್‌ನಲ್ಲಿ ಸುದ್ದಿ ಬಂದರೆ ಬೆಳಗ್ಗೆ ಕೆಲಸದವರನ್ನು ಆ ಕಡೆ ಕಳಿಸುವ ಹಾಗೇ ಇಲ್ಲ. ಇದರ ಮಧ್ಯೆ ಯಜಮಾನರ ಫೋನ್.

ಇದ್ಯಾವುದನ್ನೂ ನಾನು ನಿಲ್ಲಿಸಲಾರೆ. ಒತ್ತಡ ಕಳೆಯಲು ರಜೆ ಹಾಕಿ ಎಲ್ಲಾದರೂ ಹೋಗಿ ಬಾ ಅನ್ನುವ ಸಲಹೆ ಕುಯ್ಲಿನ ಕಾಲದಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಕೆಲಸದ ನಡುವೆಯೇ ಆಗುವಂಥದ್ದನ್ನು ಮಾತ್ರ ಹಿಡಿದುಕೊಂಡಿದ್ದೇನೆ. ನನ್ನ ಕ್ರಮ ಇಷ್ಟೇ: ಮೊದಲು ಮೈ ಸಡಿಲವಾಗಬೇಕು, ಆಮೇಲೆ ಸಮಸ್ಯೆಗೆ ಕೈ ಹಾಕಬೇಕು.

ಗಾಬರಿಯಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ಉಸಿರು ಚಿಕ್ಕದಾಗುತ್ತದೆ, ದವಡೆ ಬಿಗಿಯುತ್ತದೆ. ಆನೆ ಎದುರಾದಾಗ ಓಡಲು ಇದೆಲ್ಲ ಬೇಕು. ತೂಕದಲ್ಲಿ ಹತ್ತು ಕೆಜಿ ವ್ಯತ್ಯಾಸ ಬಂದಾಗ ಇದರಿಂದ ಏನೂ ಪ್ರಯೋಜನ ಇಲ್ಲ, ಎದುರಿಗಿದ್ದವರ ಮೇಲೆ ರೇಗುತ್ತೇವೆ ಅಷ್ಟೇ. ನಿಧಾನವಾಗು ಅಂತ ಎದೆಬಡಿತಕ್ಕೆ ಹೇಳೋಕೆ ಆಗಲ್ಲ, ಆದರೆ ಉಸಿರು ನಮ್ಮ ಕೈಯಲ್ಲಿದೆ ಅಲ್ವಾ. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ಸ್ವಲ್ಪ ನಿಧಾನವಾಗುತ್ತದೆ. ಮಿದುಳಿನಿಂದ ಎದೆಗೂ ಹೊಟ್ಟೆಗೂ ಇಳಿದಿರುವ ವೇಗಸ್ ನರ ಆ ಕೆಲಸ ಮಾಡುತ್ತದೆ. ಅದಕ್ಕೇ ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಬೇಕು. ಮೂಗಿನಿಂದ ನಾಲ್ಕು ಎಣಿಸುತ್ತಾ ಎಳೆದು, ಆರು ಎಣಿಸುತ್ತಾ ಬಿಡುತ್ತೇನೆ. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು 6 ಉಸಿರಾಗುತ್ತದೆ. ಮೂರ್ನಾಲ್ಕು ನಿಮಿಷ ಸಾಕು. ಕಣದ ಪಕ್ಕ ನಿಂತುಕೊಂಡೇ ಮಾಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ತಲೆ ಸುತ್ತಿದ ಹಾಗಾದರೆ ಬಲವಂತವಾಗಿ ಎಳೆಯುತ್ತಿದ್ದೀರಿ, ಬಿಟ್ಟು ಮಾಮೂಲಿ ಉಸಿರಿಗೆ ಬನ್ನಿ. ಇನ್ನೊಂದು ಮಾತು, ಗಾಬರಿಯಾದ ದಿನ ಮಾತ್ರ ಮಾಡಿದರೆ ಇದು ರೂಢಿಗೆ ಬರುವುದಿಲ್ಲ. ನಾನು ದಿನಾ ಬೆಳಗ್ಗೆ ಹಾಜರಿ ಕರೆಯುವ ಮೊದಲೇ ಮಾಡಿಬಿಡುತ್ತೇನೆ, ಏನೂ ತೊಂದರೆ ಇಲ್ಲದ ದಿನವೂ.

ಫೋನಿಗೆ ಒಂದು ಹೊತ್ತು ಗೊತ್ತು ಮಾಡಿಕೊಂಡೆ. "ಸಾರ್, ಸಂಜೆ ತೂಕ ಮುಗಿದ ತಕ್ಷಣ ನಾನೇ ಫೋನ್ ಮಾಡಿ ಎಲ್ಲಾ ಹೇಳ್ತೀನಿ, ಅರ್ಜೆಂಟ್ ಇದ್ರೆ ಮಾತ್ರ ನೀವು ಮಾಡಿ" ಅಂತ ಯಜಮಾನರಿಗೆ ಹೇಳಿದೆ. ಎಷ್ಟು ಜನ ಬಂದರು, ಎಷ್ಟು ಹಣ್ಣು ಬಂತು, ನಾಳೆ ಯಾವ ಬ್ಲಾಕ್. ಇಷ್ಟು ತಪ್ಪದೇ ಸಿಕ್ಕಿದರೆ ಅವರೂ ನೆಮ್ಮದಿಯಾಗಿರುತ್ತಾರೆ. ಅವರ ಆತಂಕಕ್ಕೂ ಕಾರಣ ಇದೆ, ದುಡ್ಡು ಹಾಕಿದವರು ಅವರಲ್ವಾ. ಕಾಫಿ ರೇಟನ್ನೂ ದಿನಕ್ಕೊಂದೇ ಸಲ ನೋಡುತ್ತೇನೆ. ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆ, ರೋಬಸ್ಟಾಗೆ ಲಂಡನ್ ಮಾರುಕಟ್ಟೆ. ಅಲ್ಲಿ ಏರಿದ್ದಕ್ಕೂ ಇಳಿದದ್ದಕ್ಕೂ ನಾನು ಇಲ್ಲಿ ಕೂತು ಮಾಡುವಂಥದ್ದು ಏನಿದೆ?

ರಾತ್ರಿ ಮಲಗಿದಾಗ ಬರುವ ಚಿಂತೆಗೆ ಹಾಜರಿ ಪುಸ್ತಕದ ಹಿಂದಿನ ಹಾಳೆ ಇದೆ. ಊಟಕ್ಕೆ ಮೊದಲು ತಲೆಯಲ್ಲಿ ಇರುವುದನ್ನೆಲ್ಲ ಬರೆಯುತ್ತೇನೆ. ಚಿಂತೆಯನ್ನು ಕೆಲಸ ಮಾಡಿ ಬರೆಯಬೇಕು, ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಇದೇ. "ಮಳೆ ಬಂದರೆ?" ಅಂತ ಬರೆದು ಬಿಟ್ಟರೆ ಅದು ಹಾಗೇ ಉಳಿಯುತ್ತದೆ. "ಟಾರ್ಪಾಲ್ ಕಣದ ಪಕ್ಕ ತಂದಿಡುವುದು" ಅಂತ ಬರೆದರೆ ಬೆಳಗ್ಗೆ ಮಾಡಿ ಗೀಟು ಹಾಕಬಹುದು. ಕೆಲವಕ್ಕೆ ಏನೇ ಯೋಚಿಸಿದರೂ ಕೆಲಸ ಹೊಳೆಯುವುದಿಲ್ಲ. ಅವಕ್ಕೆ ಪಕ್ಕದಲ್ಲಿ "ಕೈಲಿಲ್ಲ" ಅಂತ ಬರೆದು ಪುಸ್ತಕ ಮುಚ್ಚುತ್ತೇನೆ.

ಇನ್ನು ಕಾಫಿ ವಿಷಯ. ಬಿಡಿ ಅಂತ ನಾನಂತೂ ಹೇಳಲ್ಲ, ನಮ್ಮ ಅನ್ನ ಅದು. ಆದರೆ ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಇಳಿಯಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಒಳಗೇ ಇರುತ್ತದೆ. ರೋಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇದೆ, ನಾವು ಮನೆಯಲ್ಲಿ ಕುಡಿಯುವ ಪುಡಿಯಲ್ಲಿ ರೋಬಸ್ಟಾ ಇದ್ದೇ ಇರುತ್ತದೆ. ಆಗಲೇ ಬಿಗಿಯಾಗಿರುವ ಮೈಗೆ ಅದೂ ಸೇರಿದರೆ ನಿದ್ದೆ ಎಲ್ಲಿಂದ ಬರಬೇಕು. ಮಧ್ಯಾಹ್ನದ ಊಟದ ನಂತರ ನಾನು ಜೀರಿಗೆ ಕಷಾಯ ಕುಡಿಯುತ್ತೇನೆ. ಯಾರದಾದರೂ ಮನೆಗೆ ಹೋದರೆ ಬೇಡ ಅನ್ನೋಕೆ ಆಗಲ್ಲ, ಅರ್ಧ ಲೋಟ ಸಾಕು ಅನ್ನುತ್ತೇನೆ.

ಬಟವಾಡೆ ದಿನ "ಒಂದು ಹಾಕಿದ್ರೆ ಎಲ್ಲಾ ಸರಿಹೋಗುತ್ತೆ ರೈಟ್ರೇ" ಅನ್ನುವವರೂ ಇದ್ದಾರೆ. ಕುಡಿದರೆ ನಿದ್ದೆ ಬೇಗ ಹತ್ತುತ್ತದೆ ನಿಜ, ನಡುರಾತ್ರಿ ಕಳೆದ ಮೇಲೆ ಮತ್ತೆ ಮತ್ತೆ ಎಚ್ಚರವಾಗುತ್ತದೆ, ಬೆಳಗ್ಗೆ ಇನ್ನೂ ಸುಸ್ತು. ಒತ್ತಡಕ್ಕೆ ಇದನ್ನು ಔಷಧಿ ಮಾಡಿಕೊಂಡವರ ಮನೆ ಏನಾಗಿದೆ ಅಂತ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಅದಕ್ಕಿಂತ ಮನೆಯವಳ ಹತ್ತಿರ ಹೇಳಿಕೊಳ್ಳುವುದು ಎಷ್ಟೋ ವಾಸಿ. "ಸುಮ್ನೆ ಕೇಳಿಸಿಕೋ, ಪರಿಹಾರ ಬೇಡ" ಅಂತ ಮೊದಲೇ ಹೇಳಿದರೆ ಅವಳಿಗೂ ಸುಲಭ.

ಇಷ್ಟೆಲ್ಲ ಮಾಡಿದರೂ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಬರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವುದೇ ಬೇಡ, ಆ ಹೊತ್ತಿಗೇ ಯಾರಿಗಾದರೂ ಹೇಳಿ. ಎದೆನೋವು ಬಂದರೆ ಒತ್ತಡ ಅಂದುಕೊಂಡು ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹಿಂದಿಯಲ್ಲೂ ಮಾತಾಡುತ್ತಾರೆ, ಹಾಗಾಗಿ ದೂರದ ರಾಜ್ಯಗಳಿಂದ ಕುಯ್ಲಿಗೆ ಬಂದ ಹುಡುಗರಿಗೂ ಈ ನಂಬರ್ ಕೊಟ್ಟಿದ್ದೇನೆ. ನಿಮ್ಮ ತೋಟದಲ್ಲಿ ಅಂಥವರಿದ್ದರೆ ನೀವೂ ಕೊಡಿ.