ಹಂಚು ಕಾಯುವ ತನಕ

ನನ್ನ ತವರು ತುಮಕೂರು. ಮುದ್ದೆ ತಿಂದು ಬೆಳೆದವಳು. 2011ರಲ್ಲಿ ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಬಂದ ಹೊಸತರಲ್ಲಿ ನನ್ನನ್ನು ತುಂಬಾ ಕಾಡಿದ್ದು ಎರಡು: ಜೋಳದ ರೊಟ್ಟಿ ಮತ್ತು ನಳದ ನೀರು. ಶಿವನನ್ನು ನಂಬುವುದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದೂ ಈ ಎರಡರಿಂದಲೇ.

ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಮಲಪ್ರಭೆಯ ನೀರು ನಮ್ಮೂರಿಗೆ ಬರುತ್ತದೆ. ಆಗ ನಮ್ಮ ಓಣಿಗೆ 8 ದಿನಕ್ಕೊಮ್ಮೆ ಬರುತ್ತಿತ್ತು. ಯಾವ ಹೊತ್ತಿಗೆ ಅಂತ ಹೇಳುವವರಿಲ್ಲ. ನಡುರಾತ್ರಿ ಬಂದರೂ ಬಂತು, ನಾನು ಶಾಲೆಯಲ್ಲಿ ಪಾಠ ಮಾಡುವಾಗ ಬಂದರೂ ಬಂತು. ನೀರು ಬರುವ ದಿನ ನನಗೆ ಊಟ ಸೇರುತ್ತಿರಲಿಲ್ಲ. ನಳ ಗೊರಗೊರ ಅಂದರೆ ಸಾಕು, ಎದ್ದು ಓಡುತ್ತಿದ್ದೆ. ಎಷ್ಟೋ ಸಲ ಅದು ಬರೀ ಗಾಳಿ.

ಒಂದು ಶ್ರಾವಣ ಸೋಮವಾರ. ನೀರು ಬಂದು 10 ದಿನ ಆಗಿತ್ತು. ಬ್ಯಾರೆಲ್ ತಳ ಕಾಣುತ್ತಿತ್ತು. 9 ಗಂಟೆಗೆ ಶಾಲೆಗೆ ಹೊರಡಬೇಕು. ಹಂಚಿನ ಮೇಲೆ ಹಾಕಿದ ರೊಟ್ಟಿ ಎರಡು ತುಂಡಾಯಿತು. ಮತ್ತೊಂದು ಬಡಿದೆ, ಅದೂ ಹರಿಯಿತು. ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಒಗೆದು, "ನಿಮ್ಮೂರಲ್ಲಿ ನೀರೂ ಇಲ್ಲ, ನೆಮ್ಮದೀನೂ ಇಲ್ಲ" ಅಂತ ಅತ್ತೆಯ ಮೇಲೆ ಕೂಗಾಡಿದೆ.

ಅತ್ತೆ ತಿರುಗಿ ಒಂದು ಮಾತೂ ಆಡಲಿಲ್ಲ. ಒಲೆ ಮುಂದೆ ಬಂದು ನಿಂತರು. ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರು. ಹನಿಗಳು ಸುಮ್ನೆ ಕೂತವು, ಚುಂಯ್ ಅನ್ನಲಿಲ್ಲ.

"ಹಂಚ ಕಾದಿಲ್ಲ ನೋಡವಾ. ಕಾಯ್ಲಿ ತಡಿ. ಅದು ಕಾಯೂತನಕಾ ನಾವೂ ಕಾಯಬೇಕು. ನಮ್ಮನ್ನ ಕಾಯಾಂವ ಶಿವ ಅದಾನ."

ಹಂಚು ಕಾಯುತ್ತದೆ, ನಾವು ಕಾಯುತ್ತೇವೆ, ಅವನೂ ಕಾಯುತ್ತಾನೆ. ಮೂರಕ್ಕೂ ನಮ್ಮ ಭಾಷೆಯಲ್ಲಿ ಇರುವುದು ಒಂದೇ ಮಾತು. ಅವತ್ತು ಶಾಲೆಗೆ ಹೋಗುವ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ಸಂಜೆ ಬಂದು ಅತ್ತೆಯ ಕಾಲಿಗೆ ಬಿದ್ದೆ.

ಮರುದಿನದಿಂದ ರೊಟ್ಟಿ ಮಾಡುವಾಗಲೇ ಕಾಯುವುದನ್ನು ಕಲಿಯಲು ಶುರು ಮಾಡಿದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೇ ಎಸರು ಚೆನ್ನಾಗಿ ಕುದಿಯಬೇಕು, ಹಿಟ್ಟನ್ನು ಬಿಸಿಯಿದ್ದಾಗಲೇ ನಾದಬೇಕು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತೇವೆ. ಆ ನೀರು ಆರುವ ಮೊದಲೇ ತಿರುವಿದರೆ ರೊಟ್ಟಿ ಹರಿಯುತ್ತದೆ. ನಾನು ಎಡವುತ್ತಿದ್ದುದು ಅಲ್ಲೇ. ಈಗ ನೀರು ಸವರಿ, ಕೈ ಕಟ್ಟಿ ನಿಂತು, ಮನಸ್ಸಿನಲ್ಲೇ ಓಂ ನಮಃ ಶಿವಾಯ ಅನ್ನಲು ಶುರು ಮಾಡಿದೆ. ನಮ್ಮ ಹಂಚಿಗೆ, ನಮ್ಮ ಉರಿಗೆ, ಸುಮಾರು 9 ಸಲ ಅನ್ನುವಷ್ಟರಲ್ಲಿ ಅಂಚು ಬೆಳ್ಳಗಾಗಿ ನೀರು ಆರುತ್ತದೆ. ತಿರುವಿ ಹಾಕಿದರೆ ರೊಟ್ಟಿ ಮೆಲ್ಲಗೆ ಉಬ್ಬಿ ಬರುತ್ತದೆ. ದಿನಕ್ಕೆ 12 ರೊಟ್ಟಿ. ಜಪಕ್ಕೆ ಬೇರೆ ಹೊತ್ತು ಸಿಗಲಿಲ್ಲ ಅಂತ ನಾನು ಆಮೇಲೆ ಯಾವತ್ತೂ ಕೊರಗಲಿಲ್ಲ.

ಕಷ್ಟವಾಗಿದ್ದು ಪೂಜೆ. ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತರೆ ಕಣ್ಣು ಲಿಂಗದ ಮೇಲೆ, ಕಿವಿ ನಳದ ಮೇಲೆ. ವಿಭೂತಿ, ಪತ್ರಿ, ಮಂತ್ರ ಎಲ್ಲಾ ಐದೇ ನಿಮಿಷದಲ್ಲಿ ಮುಗಿಸಿ ಏಳುತ್ತಿದ್ದೆ. ಅದಕ್ಕೊಂದು ದಾರಿ ಮಾಡಿಕೊಂಡೆ. ನೀರು ಬರುವ ದಿನ ನಳ ತಿರುವಿಟ್ಟು, ಕೆಳಗೆ ಖಾಲಿ ಕೊಡ ಇಟ್ಟು, ಪಕ್ಕದ ಮನೆ ಅಕ್ಕನಿಗೆ "ನೀರು ಬಂದ್ರ ಕರೀರಿ" ಅಂತ ಹೇಳಿ ಬಂದು ಕೂರುತ್ತಿದ್ದೆ. ನನ್ನ ಕೈಲಾಗುವುದು ಅಷ್ಟೇ. ಉಳಿದದ್ದು ನಿನ್ನದು ಅಂತ ಲಿಂಗಕ್ಕೆ ಹೇಳಿ ಕಣ್ಣು ನೆಡುತ್ತಿದ್ದೆ. ಮೊದಮೊದಲು ಆ ಮಾತು ಬರೀ ಬಾಯಿಂದ ಬರುತ್ತಿತ್ತು. ಮನಸ್ಸು ನಳದ ಹತ್ತಿರವೇ ಇರುತ್ತಿತ್ತು. ಕಾಲು ಗಂಟೆ ನೆಟ್ಟಗೆ ಕೂರಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು.

ಮಾವನವರದು ನವಲಗುಂದದ ಕಡೆ ಎರೆ ಹೊಲ. ಹಿಂಗಾರಿ ಬಿಳಿಜೋಳ ಬಿತ್ತಿದ ಮೇಲೆ ಅಲ್ಲಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆ ಬರಬೇಕು. ಬಿತ್ತಿ ಬಂದ ರಾತ್ರಿ ಮಾವ ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದ್ದರು! ನನಗೆ ಅದು ಅರ್ಥವಾಗಲು ಸುಮಾರು ವರ್ಷ ಹಿಡಿಯಿತು.

ಒಂದು ಮಾತು ಹೇಳಲೇಬೇಕು. ದೇವರ ಮೇಲೆ ಭಾರ ಹಾಕಿದ್ದೇನೆ ಅಂತ ಕೈಕಟ್ಟಿ ಕೂರುವುದನ್ನು ನಾನು ಒಪ್ಪುವುದಿಲ್ಲ. ನೀರಿಗಾಗಿ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಅರ್ಜಿ ಕೊಟ್ಟೆವು, ಎರಡು ಸಲ ಹೋಗಿ ಕೇಳಿದೆವು. ಅರ್ಜಿ ಬರೆದವಳು ನಾನೇ. ಈಗ 5 ದಿನಕ್ಕೊಮ್ಮೆ ಬರುತ್ತದೆ. ಹಂಚು ಕಾಯಬೇಕಾದರೆ ಒಲೆ ಹಚ್ಚುವುದು ನಮ್ಮ ಕೆಲಸ ಅಲ್ವಾ?

ಸಿಟ್ಟು ಪೂರ್ತಿ ಹೋಗಿಲ್ಲ. ಹೋದ ತಿಂಗಳು ಮಗ ಬೂಟು ಹುಡುಕುತ್ತಾ ತಡ ಮಾಡಿದ ಅಂತ ಜೋರಾಗಿ ಬೈದೆ. ಅವನ ಮುಖ ಸಣ್ಣದಾಗಿದ್ದು ದಿನವೆಲ್ಲ ಕಣ್ಣ ಮುಂದೆ ಇತ್ತು. ರಾತ್ರಿ ಅವನ ತಲೆ ಸವರಿ, "ತಪ್ಪಾತಪಾ" ಅಂದೆ. ಮೊದಲಾದರೆ ಹಾಗೆ ಅನ್ನಲು ಬಾಯಿ ಬರುತ್ತಿರಲಿಲ್ಲ.

ಅತ್ತೆ ಲಿಂಗೈಕ್ಯರಾಗಿ 4 ವರ್ಷವಾಯಿತು. ಅವರು ನೀರು ಸವರುತ್ತಿದ್ದ ಹಳೇ ಧೋತರದ ತುಂಡು ಇನ್ನೂ ನನ್ನ ಒಲೆ ಪಕ್ಕದಲ್ಲಿದೆ.

ಮೊನ್ನೆ ಗುರುವಾರ ರಾತ್ರಿ ಎರಡೂವರೆಗೆ ನೀರು ಬಂತು. ಮೂರು ಬ್ಯಾರೆಲ್ ತುಂಬುವಷ್ಟರಲ್ಲಿ ಸಣ್ಣಗಾಗಿ ನಿಂತೇ ಹೋಯಿತು. ಎರಡು ಖಾಲಿ ಉಳಿದವು. ಸ್ವಲ್ಪ ಹೊತ್ತು ನಿಂತು ನೋಡಿದೆ. ತುಂಬಿದವಕ್ಕೆ ಮುಚ್ಚಳ ಹಾಕಿದೆ, ನಳದ ಕೆಳಗೆ ಕೊಡ ಇಟ್ಟೆ. ಕೊರಳಲ್ಲಿದ್ದ ಲಿಂಗವನ್ನು ಒಮ್ಮೆ ಮುಟ್ಟಿಕೊಂಡು ಹೋಗಿ ಮಲಗಿದೆ. ನಿದ್ದೆ ಬಂತು.