ಬಿದ್ದ ಮೇಲೆ ಮತ್ತೆ ಕುದುರೆ ಹತ್ತುವುದು

ಕಾರವಾರದ ಟಾಗೋರ್ ಕಡಲತೀರದಲ್ಲಿ ಗಾಳಿಗೆ ಹಾರಿಬಂದ ನೀಲಿ ತಾಡಪಾಲಿಗೆ ಬೆದರಿ ಕುದುರೆ ನನ್ನನ್ನು ಕೆಡವಿತು. ಮುರಿದದ್ದು ಎಡ ಮಣಿಕಟ್ಟು ಮಾತ್ರ. ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೂ ಗೊರಸಿನ ಸದ್ದಿಗೆ ಅಂಗೈ ಬೆವರುತ್ತಿತ್ತು. "ಬಿದ್ದ ಕೂಡಲೇ ಮತ್ತೆ ಹತ್ತಬೇಕು" ಅನ್ನುವವರ ಮಾತು ಕೇಳಬೇಡಿ. ತಲೆಗೆ ಪೆಟ್ಟಾಗಿದ್ದರೆ ಮೊದಲು ಡಾಕ್ಟರು. ಪೆಟ್ಟು ತಿಂದ ಹೆಲ್ಮೆಟ್ಟು ಚೆನ್ನಾಗಿ ಕಂಡರೂ ಬಿಸಾಡಿ.

ಮೊದಲ ವಾರ ನಾನು ಹತ್ತಲೇ ಇಲ್ಲ. ಮೈ ತಿಕ್ಕಿದೆ, ಲಗಾಮು ಹಿಡಿದು ಜೊತೆಗೆ ನಡೆದೆ. ಕುದುರೆಗೆ ನೇರ ಹಿಂದೆ ಇರುವುದೂ ಮೂಗಿನ ಮುಂದೆಯೇ ಇರುವುದೂ ಕಾಣದು. ಭುಜದ ಕಡೆಯಿಂದ, ಮಾತಾಡಿಸುತ್ತಾ ಹೋಗಿ. ಇದು ಗೊತ್ತಾದ ಮೇಲೆ ನನ್ನ ಸಿಟ್ಟೂ ಇಳಿಯಿತು. ಪಾಪ, ಅದೂ ಹೆದರಿತ್ತಲ್ಲ.

ಹತ್ತುವುದಕ್ಕೆ ಕಡಲು ಇಳಿತವಾಗಿರುವ ಹೊತ್ತು ಆರಿಸಿ: ಒದ್ದೆ ಮರಳು ಗಟ್ಟಿ, ಒಣ ಮರಳಲ್ಲಿ ಕಾಲು ಹೂತುಹೋಗುತ್ತದೆ. ಪಳಗಿದವರೊಬ್ಬರು ಹಗ್ಗ ಹಿಡಿದಿರಲಿ. 10 ನಿಮಿಷ, ಬರೀ ನಡಿಗೆ. ಹಿಮ್ಮಡಿ ಕೆಳಗೆ, ರಿಕಾಪಿನಲ್ಲಿ (ಜೀನಿನಿಂದ ಜೋತ, ಕಾಲಿಡುವ ಬಳೆ) ಪಾದದ ಮುಂಭಾಗ ಮಾತ್ರ. ಬಿದ್ದರೆ ಕಾಲು ಸಿಕ್ಕಿಕೊಳ್ಳಬಾರದು. ನೋಟ ದೂರಕ್ಕೆ, ನಾನು ಕೂರ್ಮಗಡ ದ್ವೀಪ ನೋಡುತ್ತಿದ್ದೆ. ಉಸಿರು ಬಿಗಿಹಿಡಿದರೆ ಕುದುರೆಗೆ ತಿಳಿದುಬಿಡುತ್ತದೆ, ಅದಕ್ಕೇ ಕೊಂಕಣಿ ಹಾಡು ಗುನುಗಿದೆ. ರಾಗ ಕೆಟ್ಟಿತು, ಉಸಿರು ಸರಿಹೋಯಿತು.

ಓಟ ಮೂರನೇ ತಿಂಗಳಿಗೆ. ತಾಡಪಾಲು ಕಂಡರೆ ಈಗಲೂ ಇಳಿದು ನಡೆಸಿಕೊಂಡೇ ಹೋಗುತ್ತೇನೆ.